ಠೇವಣಿ ಕಳೆದುಕೊಂಡವರ ಚರಿತ್ರೆ

ಫಲಿತಾಂಶದ ಮರುದಿನ ಪತ್ರಿಕೆ ಬಿಡಿಸಿ ನೋಡಿ. ಗೆದ್ದವರ ಭಾವಚಿತ್ರ ದೊಡ್ಡದಾಗಿರುತ್ತದೆ, ಸಮೀಪದ ಪ್ರತಿಸ್ಪರ್ಧಿಯದು ಸ್ವಲ್ಪ ಚಿಕ್ಕದು. ಇಬ್ಬರ ಮತ, ನಡುವಿನ ಅಂತರ, ಹಿಂದಿನ ಚುನಾವಣೆಯ ಲೆಕ್ಕ ಎಲ್ಲವೂ ಇರುತ್ತದೆ. ಕೊನೆಯಲ್ಲಿ ಒಂದು ಸಾಲು: ಕಣದಲ್ಲಿದ್ದ ಉಳಿದ ಅಭ್ಯರ್ಥಿಗಳೆಲ್ಲರೂ ಠೇವಣಿ ಕಳೆದುಕೊಂಡಿದ್ದಾರೆ. ಹತ್ತೋ ಹದಿನೈದೋ ಮಂದಿಯ ಹೆಸರು, ಊರು, ಕಸುಬು, ಅವರು ಏನು ಕೇಳಿಕೊಂಡು ನಿಂತಿದ್ದರು ಎಂಬುದೆಲ್ಲ ಆ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಈ ತಿಂಗಳು ಆ ಸಾಲಿನೊಳಗೆ ಇರುವವರ ಬಗ್ಗೆ ಬರೆಯೋಣ ಎಂದುಕೊಂಡಿದ್ದೇವೆ.

ಖುತ್ಬಾದ ಸಾರಾಂಶ ಓದುವ ಪುಟಗಳಲ್ಲಿ ಚುನಾವಣೆಯ ಮಾತೇಕೆ ಎಂದು ಕೆಲವರು ಕೇಳಬಹುದು. ಯಾರಿಗೆ ಮತ ಹಾಕಬೇಕು ಎಂಬುದನ್ನು ನಾವು ಮಿಂಬರಿನಿಂದಲೂ ಹೇಳುವುದಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಆರಾಧನಾಲಯಗಳ ಆವರಣವನ್ನು ರಾಜಕೀಯ ಚಟುವಟಿಕೆಗೆ ಬಳಸಬಾರದು ಎಂದು 1988ರ ಕೇಂದ್ರ ಕಾಯ್ದೆಯೇ ಇದೆ. ಹಾಗಾಗಿ ಚುನಾವಣೆಯ ಕಾಲದಲ್ಲಿ ಜುಮಾ ಮುಗಿಯುವ ಹೊತ್ತಿಗೆ ಅಭ್ಯರ್ಥಿಗಳು ಗೇಟಿನ ಹೊರಗೆ ರಸ್ತೆಯಲ್ಲಿ ನಿಂತಿರುತ್ತಾರೆ. ದೊಡ್ಡ ಪಕ್ಷದವರು ಬಂದರೆ ಶಾಲು, ಹಾರ, ಸೆಲ್ಫಿ. ಒಬ್ಬನೇ ಬಂದು ನಿಂತವನ ಕರಪತ್ರದಿಂದ ಬೈಕಿನ ಸೀಟಿನ ಧೂಳು ಒರೆಸುತ್ತಾರೆ. ಆರ್.ಟಿ. ನಗರವಾಗಲಿ, ಯಲಹಂಕವಾಗಲಿ, ಯಶವಂತಪುರವಾಗಲಿ, ಇದರಲ್ಲಿ ವ್ಯತ್ಯಾಸವಿಲ್ಲ. ಆದರೆ ಒಂಟಿಯಾಗಿ ಕರಪತ್ರ ಹಿಡಿದು ನಿಲ್ಲುವವರ ಚರಿತ್ರೆ ಉದ್ದವಾದದ್ದು. ಕನ್ನಡ ನಾಡಿನಲ್ಲಿ ಅದು ಸ್ವಾತಂತ್ರ್ಯಕ್ಕಿಂತ ಎರಡು ದಶಕ ಮೊದಲೇ ಆರಂಭವಾಗುತ್ತದೆ.

1926ರಲ್ಲಿ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರು ಮದ್ರಾಸ್ ಶಾಸನ ಪರಿಷತ್ತಿಗೆ ಸ್ಪರ್ಧಿಸಿದರು. ಆಗ ಅವರಿಗೆ 23 ವರ್ಷ. ಹೆಣ್ಣುಮಕ್ಕಳು ಚುನಾವಣೆಗೆ ನಿಲ್ಲಬಹುದು ಎಂಬ ಅವಕಾಶ ಮದ್ರಾಸ್ ಪ್ರಾಂತದಲ್ಲಿ ಆಗತಾನೇ ಸಿಕ್ಕಿತ್ತು. ಆಸ್ತಿ ಇದ್ದವರಿಗೆ ಮಾತ್ರ ಮತದ ಹಕ್ಕಿದ್ದ ಕಾಲ ಅದು, ಮತದಾರರಲ್ಲಿ ಮಹಿಳೆಯರು ಬೆರಳೆಣಿಕೆಯಷ್ಟು. ಐರ್ಲೆಂಡ್ ಮೂಲದ ಮಾರ್ಗರೆಟ್ ಕಸಿನ್ಸ್ ಅವರು ಬೆನ್ನಿಗೆ ನಿಂತಿದ್ದು ಬಿಟ್ಟರೆ ಹೇಳಿಕೊಳ್ಳುವಂಥ ಬಲ ಇರಲಿಲ್ಲ. ಕಮಲಾದೇವಿ ಬಹಳ ಕಡಿಮೆ ಅಂತರದಲ್ಲಿ ಸೋತರು. ಭಾರತದಲ್ಲಿ ಶಾಸನಸಭೆಯ ಚುನಾವಣೆಗೆ ನಿಂತ ಮೊದಲ ಮಹಿಳೆ ಎಂದು ಇಂದು ಅವರನ್ನು ಪಠ್ಯಪುಸ್ತಕಗಳು ಗುರುತಿಸುತ್ತವೆ. ನಿಂತ ದಿನ ಅವರೂ ಸೋಲುವ ಅಭ್ಯರ್ಥಿಯೇ.

ಸ್ವತಂತ್ರ ಭಾರತದ ಮೊದಲ ಚುನಾವಣೆ 1951-52ರಲ್ಲಿ ನಡೆಯಿತು. ಅದರ ಒಂದು ವಿವರ ನಮಗೆ ಬಹಳ ಇಷ್ಟ. ಆಗ ಈಗಿನಂತೆ ಒಂದೇ ಮತಪತ್ರದಲ್ಲಿ ಎಲ್ಲರ ಹೆಸರು ಇರುತ್ತಿರಲಿಲ್ಲ. ಮತಗಟ್ಟೆಯಲ್ಲಿ ಪ್ರತಿಯೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವರ ಚಿಹ್ನೆ. ಮತದಾರ ತನಗೆ ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಿ ಬರಬೇಕಿತ್ತು. ನೆಹರೂ ಅವರ ಪಕ್ಷಕ್ಕೆ ಎಷ್ಟು ದೊಡ್ಡ ಪೆಟ್ಟಿಗೆಯೋ, ಯಾರಿಗೂ ಗೊತ್ತಿಲ್ಲದ ಪಕ್ಷೇತರನಿಗೂ ಅಷ್ಟೇ ದೊಡ್ಡ ಪೆಟ್ಟಿಗೆ. ಸಾಯಂಕಾಲ ಅದು ಖಾಲಿಯಾಗಿಯೇ ಉಳಿದಿರಬಹುದು, ಆದರೆ ಬೆಳಗಿನಿಂದ ಅಲ್ಲಿ ಸಾಲಿನಲ್ಲಿ ಕುಳಿತಿರುತ್ತಿತ್ತು.

ಆ ಚುನಾವಣೆಯಲ್ಲೇ ಮಲೆನಾಡಿನ ಸಾಗರದಿಂದ ಶಾಂತವೇರಿ ಗೋಪಾಲಗೌಡರು ಸಮಾಜವಾದಿ ಪಕ್ಷದಿಂದ ನಿಂತರು. ಹಿಂದಿನ ವರ್ಷವಷ್ಟೇ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದಿತ್ತು. ಗೇಣಿ ಭತ್ತವನ್ನು ಅಳೆಯುವ ಕೊಳಗದ ಅಳತೆಯ ಜಗಳ ಅದು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಹೋರಾಟ. ಗೋಪಾಲಗೌಡರ ಹತ್ತಿರ ಹಣವಿರಲಿಲ್ಲ. ಒಂದು ನೋಟು, ಒಂದು ವೋಟು ಎಂದು ಜನರಿಂದಲೇ ಕೇಳಿದರು, ಗೆದ್ದರು. ಉಳುವವನೇ ಹೊಲದೊಡೆಯ ಎಂಬ ಅವರ ಮಾತು ಆಗ ವಿಧಾನಸಭೆಯ ಅಂಚಿನ ಮಾತು. ಅವರು 1972ರಲ್ಲಿ ತೀರಿಕೊಂಡರು. ದೇವರಾಜ ಅರಸು ಅವರ ಸರ್ಕಾರದ ಭೂಸುಧಾರಣೆ 1974ರಲ್ಲಿ ಜಾರಿಗೆ ಬಂತು.

ಗೋಪಾಲಗೌಡರ ಸಾಗರದಿಂದ ಘಟ್ಟ ಇಳಿದರೆ ಉತ್ತರ ಕನ್ನಡ. ಅಲ್ಲಿ ಎರಡು ಬೇರೆ ಬೇರೆ ಚುನಾವಣೆಗಳನ್ನು ಜೊತೆಗಿಟ್ಟು ನೋಡಬೇಕು. 1967ರಲ್ಲಿ ಕವಿ ದಿನಕರ ದೇಸಾಯಿಯವರು ಪಕ್ಷೇತರರಾಗಿ ಲೋಕಸಭೆಗೆ ನಿಂತು ಗೆದ್ದರು. ಚುಟುಕು ಬರೆದು ಪ್ರಸಿದ್ಧರಾದವರು, ಆದರೆ ಜನ ಮತ ಹಾಕಿದ್ದು ಚುಟುಕಿಗಲ್ಲ. ರೈತರ ಪರ ನಿಂತದ್ದಕ್ಕೆ ಬ್ರಿಟಿಷರು 1940ರಲ್ಲಿ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿದ್ದರು. ಆಮೇಲೆ ಅವರು ಕೆನರಾ ವೆಲ್‌ಫೇರ್ ಟ್ರಸ್ಟ್ ಮೂಲಕ ಊರೂರಿಗೆ ಶಾಲೆ ತೆರೆದರು. ಪಕ್ಷ ಇರಲಿಲ್ಲ, ಶಾಲೆಗಳಿದ್ದವು.

ಅದೇ ಕ್ಷೇತ್ರದಲ್ಲಿ 1989ರಲ್ಲಿ ಶಿವರಾಮ ಕಾರಂತರು ನಿಂತರು. ಜ್ಞಾನಪೀಠ ಬಂದು ಹನ್ನೆರಡು ವರ್ಷವಾಗಿತ್ತು, ವಯಸ್ಸು 87. ಕೈಗಾದಲ್ಲಿ ಕಾಳಿ ನದಿಯ ದಂಡೆಯ ಮೇಲೆ ಅಣು ವಿದ್ಯುತ್ ಸ್ಥಾವರ ಬೇಡ, ಕಾಡು ಉಳಿಯಬೇಕು ಎಂಬುದೇ ಅವರ ಪ್ರಣಾಳಿಕೆ. ಕರ್ನಾಟಕದಲ್ಲಿ ಅವರ ಹೆಸರು ಕೇಳದ ಓದುಗರಿರಲಿಲ್ಲ, ಆದರೂ ಸೋತರು. ಹಸಿರು ಎಂಬ ವಿಷಯಕ್ಕೆ ಮತ ಹಾಕುವುದು ಆಗ ಜನರಿಗೆ ವಿಚಿತ್ರವಾಗಿ ಕಂಡಿತ್ತು. 1994ರ ಮೇ ತಿಂಗಳಲ್ಲಿ ಕೈಗಾದ ಮೊದಲ ಘಟಕದ ಗುಮ್ಮಟದ ಒಳಭಾಗ ಕಟ್ಟುವ ಹಂತದಲ್ಲೇ ಕುಸಿದುಬಿತ್ತು. ಸ್ಥಾವರ ನಿಂತುಹೋಗಲಿಲ್ಲ, ಇಂದು ವಿದ್ಯುತ್ ಕೊಡುತ್ತಿದೆ. ಕಾರಂತರು ಹೇಳಿದ್ದೆಲ್ಲ ಸರಿ ಎಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಆದರೆ ಇಂದು ಯಾವ ಪಕ್ಷವೂ ಪರಿಸರದ ಬಗ್ಗೆ ಒಂದು ಪುಟವಾದರೂ ಬರೆಯದೆ ಪ್ರಣಾಳಿಕೆ ಬಿಡುಗಡೆ ಮಾಡುವುದಿಲ್ಲ. ಆ ಮಾತನ್ನು ಮತಯಂತ್ರದ ಕಾಲಕ್ಕಿಂತ ಮೊದಲೇ ಮತಪತ್ರದ ಮೇಲೆ ತಂದವರು ಸೋತ ಮುದುಕರೊಬ್ಬರು.

ಇವರೆಲ್ಲ ದೊಡ್ಡ ಹೆಸರಿನವರು. ಇನ್ನು ನಮ್ಮ ಬೆಂಗಳೂರಿನ ಹೊಟ್ಟೆ ಪಕ್ಷದ ರಂಗಸ್ವಾಮಿಯವರ ಮಾತಿಗೆ ಬರೋಣ. ಐವತ್ತು ದಾಟಿದ ಓದುಗರಿಗೆ ಈ ಹೆಸರು ಕೇಳಿದ ಕೂಡಲೇ ನಗು ಬರುತ್ತದೆ. ಅವರು 86 ಚುನಾವಣೆಗಳಿಗೆ ನಿಂತರು ಎಂಬುದು ದಾಖಲಾದ ಲೆಕ್ಕ. ಒಂದರಲ್ಲೂ ಗೆಲ್ಲಲಿಲ್ಲ. ಘಟಾನುಘಟಿಗಳ ಎದುರೇ ನಾಮಪತ್ರ ಹಾಕುವುದು ಅವರ ಪದ್ಧತಿ. 2007ರಲ್ಲಿ ತೀರಿಕೊಂಡರು. ಪತ್ರಿಕೆಗಳಿಗೆ ಅವರು ಚುನಾವಣೆಯ ಬಿಸಿಯ ನಡುವೆ ಸಿಗುವ ಒಂದು ತಮಾಷೆಯ ಸುದ್ದಿ.

ಆದರೆ ಪಕ್ಷದ ಹೆಸರನ್ನು ಒಮ್ಮೆ ನಿಧಾನವಾಗಿ ಓದಿ. ಹೊಟ್ಟೆ ಪಕ್ಷ. ಅದರಲ್ಲಿ ಜಾತಿಯಿಲ್ಲ, ಧರ್ಮವಿಲ್ಲ, ಭಾಷೆಯಿಲ್ಲ, ನಾಯಕನ ಹೆಸರೂ ಇಲ್ಲ. ಎಲ್ಲರಿಗೂ ಇರುವ ಒಂದೇ ಒಂದು ವಸ್ತುವಿನ ಹೆಸರು ಅದು. ಇಂಥ ಹೆಸರಿಟ್ಟದ್ದಕ್ಕೆ ನಾವು ನಕ್ಕೆವು. 2013ರಲ್ಲಿ ಅನ್ನಭಾಗ್ಯ ಬಂತು, ಕಿಲೋ ಒಂದು ರೂಪಾಯಿಗೆ ಅಕ್ಕಿ. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನ್ ಬಂತು, 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಅಂದಿನಿಂದ ಇಂದಿನವರೆಗೆ ಎಷ್ಟು ಕಿಲೋ ಅಕ್ಕಿ, ಯಾರ ಅಕ್ಕಿ, ಯಾರು ಕೊಟ್ಟದ್ದು ಎಂದು ದೊಡ್ಡ ದೊಡ್ಡ ಪಕ್ಷಗಳು ಜಗಳವಾಡುತ್ತಿವೆ. ಅಂದರೆ ಎಲ್ಲರೂ ಸೇರಿ ಹೊಟ್ಟೆಯ ಪಕ್ಷಕ್ಕೇ ಬಂದರು. ಇದು ರಂಗಸ್ವಾಮಿಯವರಿಂದಲೇ ಆಯಿತು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಆಂಧ್ರದಲ್ಲಿ ಎನ್.ಟಿ. ರಾಮರಾವ್ ಅವರು 1983ರಲ್ಲೇ ಎರಡು ರೂಪಾಯಿ ಅಕ್ಕಿಯ ಮಾತು ತಂದು ಗೆದ್ದಿದ್ದರು. ಆದರೂ ಗೆದ್ದವನು ಹೇಳಿದರೆ ಯೋಜನೆ, ಸೋತವನು ಹೇಳಿದರೆ ತಮಾಷೆ ಎನ್ನುವ ನಮ್ಮ ಅಭ್ಯಾಸ ಅಷ್ಟು ಒಳ್ಳೆಯದಲ್ಲ.

ಸೋಲುವುದನ್ನೇ ಕಸುಬು ಮಾಡಿಕೊಂಡವರು ಬೇರೆ ಕಡೆಯೂ ಇದ್ದಾರೆ. ಉತ್ತರ ಪ್ರದೇಶದ ಬರೇಲಿಯಲ್ಲಿ ಬಟ್ಟೆ ವ್ಯಾಪಾರಿಯಾಗಿದ್ದ ಕಾಕಾ ಜೋಗಿಂದರ್ ಸಿಂಗ್ ಅವರಿಗೆ ‘ಧರ್ತಿ ಪಕಡ್’ ಎಂದೇ ಅಡ್ಡಹೆಸರು, ನೆಲ ಹಿಡಿದವನು ಎಂದು ಅರ್ಥ. ಅವರು 300ಕ್ಕೂ ಹೆಚ್ಚು ಚುನಾವಣೆಗಳಿಗೆ ನಿಂತರು, 1992ರಲ್ಲಿ ರಾಷ್ಟ್ರಪತಿ ಚುನಾವಣೆಗೂ. ನಮ್ಮ ಕಾವೇರಿಯ ಕೆಳಗೆ ತಮಿಳುನಾಡಿನ ಮೆಟ್ಟೂರಿನಲ್ಲಿ ಟೈರ್ ರಿಪೇರಿ ಅಂಗಡಿಯ ಕೆ. ಪದ್ಮರಾಜನ್ ಅವರು 1988ರಿಂದ 200ಕ್ಕೂ ಹೆಚ್ಚು ಸಲ ಸೋತಿದ್ದಾರೆ, 2011ರಲ್ಲಿ ಸಿಕ್ಕ 6,273 ಮತಗಳೇ ಅವರ ದೊಡ್ಡ ಗಳಿಕೆ. ಇಂಗ್ಲೆಂಡಿನಲ್ಲಿ ಸ್ಕ್ರೀಮಿಂಗ್ ಲಾರ್ಡ್ ಸಚ್ ಎಂಬ ಪಾಪ್ ಹಾಡುಗಾರ 1963ರಲ್ಲಿ ಹದಿಹರೆಯದವರ ಪಕ್ಷ ಎಂದು ಒಂದನ್ನು ಮಾಡಿಕೊಂಡು, 18 ವರ್ಷಕ್ಕೇ ಮತದ ಹಕ್ಕು ಕೊಡಿ ಎಂದು ಕೇಳಿ ನಿಂತ. ಸಿಕ್ಕಿದ್ದು 208 ಮತ. ಆರು ವರ್ಷದಲ್ಲಿ ಬ್ರಿಟನ್ ಸಂಸತ್ತು ಅದನ್ನೇ ಕಾನೂನು ಮಾಡಿತು. ನಮ್ಮಲ್ಲಿ 61ನೇ ತಿದ್ದುಪಡಿಯಿಂದ 1989ರಲ್ಲಿ ಬಂತು.

ಇಲ್ಲಿಯವರೆಗೆ ಹೇಳಿದ್ದು ಒಬ್ಬೊಬ್ಬರೇ ನಿಂತವರ ಕಥೆ. 1996ರಲ್ಲಿ ಬೆಳಗಾವಿಯಲ್ಲಿ ನೂರಾರು ಜನ ಒಟ್ಟಿಗೆ ನಿಂತರು. ನಮ್ಮ ಇಡೀ ವಿಷಯದ ತಿರುವು ಅಲ್ಲೇ ಇದೆ ಎಂಬುದು ನಮ್ಮ ಅಭಿಪ್ರಾಯ.

ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರವೊಂದರಲ್ಲೇ ಕಣದಲ್ಲಿದ್ದವರು 456 ಮಂದಿ. ಮಹಾರಾಷ್ಟ್ರ ಏಕೀಕರಣ ಸಮಿತಿಯವರು ಗಡಿ ವಿವಾದದತ್ತ ದೆಹಲಿಯ ಕಣ್ಣು ತಿರುಗಿಸಲು ಬೇಕೆಂದೇ ನೂರಾರು ನಾಮಪತ್ರ ಹಾಕಿಸಿದ್ದರು. ಅವರ ಬೇಡಿಕೆಯನ್ನು ಕನ್ನಡಿಗರಾದ ನಾವು ಒಪ್ಪುವುದಿಲ್ಲ, ಮಹಾಜನ್ ಆಯೋಗ 1967ರಲ್ಲೇ ಬೆಳಗಾವಿ ಕರ್ನಾಟಕಕ್ಕೆ ಎಂದು ಹೇಳಿದೆ. ಆದರೆ ಅವರು ಹಿಡಿದ ದಾರಿಯನ್ನು ಗಮನಿಸಿ. ಕಲ್ಲು ತೂರುವ ಬದಲು, ಬಸ್ಸು ಸುಡುವ ಬದಲು, ನಾಮಪತ್ರ ಹಾಕುವುದು. ಅದೇ ಚುನಾವಣೆಯಲ್ಲಿ ಆಂಧ್ರದ ನಲ್ಗೊಂಡದಲ್ಲಿ 480 ಮಂದಿ ನಿಂತರು. ಅವರ ಕೂಗು ಇನ್ನೂ ಸರಳ: ಕುಡಿಯುವ ನೀರಿನಲ್ಲಿ ಫ್ಲೋರೈಡ್, ಮಕ್ಕಳ ಮೂಳೆ ಸೊಟ್ಟಗಾಗುತ್ತಿದೆ, ನೀರು ಕೊಡಿ. ತಮಿಳುನಾಡಿನ ಮೊಡಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ ರೈತರ ಸಿಟ್ಟಿನಿಂದ 1,033 ಮಂದಿ ಕಣಕ್ಕಿಳಿದರು. ಅಲ್ಲಿ ಮತಪತ್ರವನ್ನು ಪುಸ್ತಕದಂತೆ ಅಚ್ಚು ಹಾಕಿಸಬೇಕಾಯಿತು, ಮತದಾನವನ್ನೇ ಮುಂದೂಡಬೇಕಾಯಿತು.

ಮೂರು ಕಡೆಯೂ ಒಂದೇ ತರ್ಕ. ಮನವಿ ಕೊಟ್ಟರೆ ಕಚೇರಿಯಲ್ಲಿ ಇನ್‌ವರ್ಡ್ ಸೀಲು ಹೊಡೆದು ಕಪಾಟಿನಲ್ಲಿಡುತ್ತಾರೆ. ನಾಮಪತ್ರ ಕೊಟ್ಟರೆ ಚುನಾವಣಾಧಿಕಾರಿ ಅದನ್ನು ಓದಲೇಬೇಕು, ಪರಿಶೀಲಿಸಲೇಬೇಕು, ಚಿಹ್ನೆ ಕೊಡಲೇಬೇಕು, ಹೆಸರನ್ನು ಅಚ್ಚು ಹಾಕಲೇಬೇಕು. ಅಂದಿನ ಠೇವಣಿ ಲೋಕಸಭೆಗೆ 500 ರೂಪಾಯಿ, ಪರಿಶಿಷ್ಟರಿಗೆ ಅದರ ಅರ್ಧ. ಬೆಳಗಾವಿಯ ಎಲ್ಲ 456 ಮಂದಿ ಕಟ್ಟಿದ್ದು ಸೇರಿಸಿದರೂ ಹೆಚ್ಚೆಂದರೆ 2 ಲಕ್ಷ 28 ಸಾವಿರ. ಇಡೀ ದೇಶ ತಿರುಗಿ ನೋಡುವಂತೆ ಮಾಡಲು ಅಷ್ಟು ಸಾಕಾಗಿತ್ತು.

ಸರ್ಕಾರದ ಉತ್ತರ ಅದೇ ವರ್ಷ ಬಂತು. ಜನಪ್ರಾತಿನಿಧ್ಯ ಕಾಯ್ದೆಗೆ ತಿದ್ದುಪಡಿಯಾಗಿ ಲೋಕಸಭೆಯ ಠೇವಣಿ 500ರಿಂದ 10,000ಕ್ಕೆ, ವಿಧಾನಸಭೆಯದು 250ರಿಂದ 5,000ಕ್ಕೆ ಏರಿತು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಉಳಿದವರಿಗೆ ಅದೇ ಕ್ಷೇತ್ರದ ಹತ್ತು ಮತದಾರರು ಸಹಿ ಹಾಕಬೇಕು ಎಂದಾಯಿತು. ಒಬ್ಬರು ಎರಡಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ನಿಲ್ಲುವಂತಿಲ್ಲ ಎಂದಾಯಿತು. ಪರಿಣಾಮ ಅಂಕಿಗಳಲ್ಲಿ ಎದ್ದು ಕಾಣುತ್ತದೆ: 1996ರ ಲೋಕಸಭಾ ಚುನಾವಣೆಯಲ್ಲಿ ದೇಶಾದ್ಯಂತ 13,952 ಅಭ್ಯರ್ಥಿಗಳಿದ್ದರು, ಅವರಲ್ಲಿ 10,635 ಪಕ್ಷೇತರರು. ಎರಡೇ ವರ್ಷದ ನಂತರ 1998ರಲ್ಲಿ ಒಟ್ಟು 4,750, ಪಕ್ಷೇತರರು 1,915. ಆಮೇಲೆ 2010ರಿಂದ ಠೇವಣಿ 25,000 ಮತ್ತು 10,000ಕ್ಕೆ ಏರಿದೆ.

ನ್ಯಾಯವಾಗಿ ಹೇಳಬೇಕೆಂದರೆ ಸರ್ಕಾರದ ಕಡೆಯ ಮಾತಿನಲ್ಲೂ ಹುರುಳಿದೆ. 1951ರಲ್ಲಿ 500 ರೂಪಾಯಿ ಸಣ್ಣ ಮೊತ್ತವಾಗಿರಲಿಲ್ಲ. 45 ವರ್ಷ ಅದನ್ನು ಹಾಗೇ ಬಿಟ್ಟಿದ್ದರಿಂದ ಅದು ಸವೆದುಹೋಗಿತ್ತು. ಸಾವಿರ ಹೆಸರಿನ ಮತಪತ್ರದಲ್ಲಿ ಅಕ್ಷರ ಬಾರದ ಮುದುಕಿಯೊಬ್ಬಳು ತನ್ನ ಚಿಹ್ನೆಯನ್ನು ಹುಡುಕುವುದಾದರೂ ಹೇಗೆ? ಅದೂ ಅನ್ಯಾಯವೇ. ನಮ್ಮ ತಕರಾರು ಬೇರೆ. ಜನ ಏನನ್ನೋ ಹೇಳಲು ಬಂದಿದ್ದರು. ಅವರಿಗೆ ಸಿಕ್ಕ ಉತ್ತರ, ಹೇಳುವುದರ ಬೆಲೆ ಇಪ್ಪತ್ತು ಪಟ್ಟು ಏರಿದೆ ಎಂಬುದು. ಹಣವಿದ್ದ ಡಮ್ಮಿ ಅಭ್ಯರ್ಥಿಗೆ ಈ ಬೆಲೆ ತಗುಲಲೇ ಇಲ್ಲ, ಹಣವಿಲ್ಲದ ನಿಜವಾದ ಅಭ್ಯರ್ಥಿಗೆ ತಗುಲಿತು. ಆದರೂ ದಾರಿ ಪೂರ್ತಿ ಮುಚ್ಚಲಿಲ್ಲ ಎನ್ನುವುದಕ್ಕೆ 2019ರ ನಿಜಾಮಾಬಾದ್ ಸಾಕ್ಷಿ. ಅರಿಶಿನಕ್ಕೆ ಬೆಲೆ ಕೊಡಿ, ಅರಿಶಿನ ಮಂಡಳಿ ಮಾಡಿ ಎಂದು ತೆಲಂಗಾಣದ ಸುಮಾರು 175 ರೈತರು ತಲಾ 25,000 ಕಟ್ಟಿ ನಿಂತರು. ಒಟ್ಟು 185 ಅಭ್ಯರ್ಥಿಗಳಿಗಾಗಿ ಮತಯಂತ್ರಗಳನ್ನು ಸಾಲಾಗಿ ಜೋಡಿಸಬೇಕಾಯಿತು.

ಇಂದು ನಮ್ಮ ಬೀದಿಯ ಒಬ್ಬ ಸಾಮಾನ್ಯ ಮನುಷ್ಯ ನಿಲ್ಲಬೇಕೆಂದರೆ ಏನೇನು ದಾಟಬೇಕು, ನೋಡಿ. ಹತ್ತು ಸಹಿ, ಠೇವಣಿ, ಆಸ್ತಿ ಮತ್ತು ಮೊಕದ್ದಮೆಗಳ ಪ್ರಮಾಣಪತ್ರ, ಚುನಾವಣಾ ಖರ್ಚಿಗೆ ಪ್ರತ್ಯೇಕ ಬ್ಯಾಂಕ್ ಖಾತೆ. ನಾಮಪತ್ರ ವಾಪಸಿನ ಗಡುವು ಮುಗಿದ ಮೇಲಷ್ಟೇ ಚಿಹ್ನೆ ಸಿಗುತ್ತದೆ. ಗ್ಯಾಸ್ ಸಿಲಿಂಡರ್, ಸೀಟಿ, ಮಂಚ, ಪ್ರೆಶರ್ ಕುಕ್ಕರ್, ಇಂಥ ಪಟ್ಟಿಯಿಂದ ಒಂದು. ದೊಡ್ಡ ಪಕ್ಷದ ಚಿಹ್ನೆ ಮಗು ಹುಟ್ಟಿದಾಗಿನಿಂದ ಗೋಡೆಯ ಮೇಲಿದೆ, ಇವನ ಸಿಲಿಂಡರಿಗೆ ಸಿಗುವುದು ಎರಡೇ ವಾರ. ಪಟ್ಟಿಯಲ್ಲಿ ಮೊದಲು ಮಾನ್ಯತೆ ಪಡೆದ ಪಕ್ಷದವರು, ಆಮೇಲೆ ನೋಂದಾಯಿತ ಪಕ್ಷದವರು, ಕೊನೆಯಲ್ಲಿ ಪಕ್ಷೇತರರು. 2013ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅವರ ಕೆಳಗೆ ನೋಟಾ ಬಂದು ಕುಳಿತಿದೆ, ಎಷ್ಟೋ ಸಲ ಯಾರೂ ಬೇಡ ಎಂಬ ಆ ಬಟನ್ನಿಗೇ ಇವರಿಗಿಂತ ಹೆಚ್ಚು ಮತ. ಫಲಿತಾಂಶ ಬಂದು 30 ದಿನದೊಳಗೆ ಖರ್ಚಿನ ಲೆಕ್ಕ ಕೊಡದಿದ್ದರೆ ಮೂರು ವರ್ಷ ಅನರ್ಹತೆ. ಗೆದ್ದವರಿಗೆ ಲೆಕ್ಕ ಬರೆಯಲು ಆಡಿಟರ್ ಇರುತ್ತಾರೆ. ಸೋತು ಮನೆ ಸೇರಿದವನು ಚಹಾದ ಬಿಲ್ಲು ಎಲ್ಲಿಟ್ಟೆ ಎಂದು ಹುಡುಕುತ್ತಿರುತ್ತಾನೆ.

ಚುನಾವಣೆಯ ಭಾಷೆಯಲ್ಲಿ ಗುರುತು ಎಂದರೆ ಚಿಹ್ನೆ. ನಮ್ಮ ಮನೆಮಾತಿನಲ್ಲಿ ಗುರುತು ಎಂದರೆ ಜನ ನಮ್ಮನ್ನು ಇಂಥವರು ಎಂದು ಅರಿಯುವುದು. ಆಯೋಗ ಮೊದಲನೆಯದನ್ನು ಕೊಡುತ್ತದೆ, ಎರಡನೆಯದನ್ನು ಕೊಡುವುದು ನೆರೆಹೊರೆ.

ಕ್ಷೇತ್ರದ ಗಾತ್ರವೂ ಒಂದು ಗೋಡೆ. ಆರ್.ಟಿ. ನಗರ, ಹೆಬ್ಬಾಳ, ಯಶವಂತಪುರ ಸೇರುವುದು ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರಕ್ಕೆ. ಪಕ್ಕದಲ್ಲೇ ಇರುವ ಯಲಹಂಕ ಚಿಕ್ಕಬಳ್ಳಾಪುರಕ್ಕೆ ಸೇರುತ್ತದೆ, ಹೊಸದಾಗಿ ಮನೆ ಬದಲಿಸಿದವರಿಗೆ ಇದು ಪ್ರತಿ ಸಲ ಗೊಂದಲ. ಬೆಂಗಳೂರು ಉತ್ತರದಲ್ಲಿ 30 ಲಕ್ಷಕ್ಕೂ ಹೆಚ್ಚು ಮತದಾರರಿದ್ದಾರೆ. ಠೇವಣಿ ಉಳಿಯಬೇಕಾದರೆ ಚಲಾವಣೆಯಾದ ಸಿಂಧು ಮತಗಳ ಆರರಲ್ಲಿ ಒಂದು ಪಾಲಿಗಿಂತ ಹೆಚ್ಚು ಸಿಗಬೇಕು. 17 ಲಕ್ಷ ಜನ ಮತ ಹಾಕಿದರು ಎಂದುಕೊಳ್ಳಿ, ಆಗ 2 ಲಕ್ಷ 83 ಸಾವಿರಕ್ಕೂ ಹೆಚ್ಚು ಮತ ಬೇಕು. 2019ರಲ್ಲಿ ಬೆಂಗಳೂರು ಸೆಂಟ್ರಲ್‌ನಲ್ಲಿ ಪಕ್ಷೇತರರಾಗಿ ನಿಂತ ನಟ ಪ್ರಕಾಶ್ ರಾಜ್ ಅವರಿಗೆ ಬಂದದ್ದು ಸುಮಾರು 29 ಸಾವಿರ, ಠೇವಣಿ ಹೋಯಿತು. ಅದೇ ವರ್ಷ ಮಂಡ್ಯದಲ್ಲಿ ಸುಮಲತಾ ಅವರು ಪಕ್ಷೇತರರಾಗಿಯೇ ಗೆದ್ದರು, ಆದರೆ ಅಲ್ಲಿ ಅಂಬರೀಶ್ ಅವರ ಹೆಸರಿತ್ತು. ಇಡೀ ದೇಶಕ್ಕೆ ಪರಿಚಿತ ಮುಖಕ್ಕೇ ಠೇವಣಿ ಉಳಿಯದಿದ್ದಾಗ ಗಂಗಾನಗರದ ಗಲ್ಲಿಯ ಮನುಷ್ಯನ ಪಾಡೇನು?

ಇನ್ನು ನಮ್ಮ ಮನೆಗಳಲ್ಲಿ ಹೆಚ್ಚು ಕೇಳಿಬರುವ ಮಾತು: ಇವರೆಲ್ಲ ವೋಟು ಒಡೆಯುವವರು, ಯಾರೋ ದುಡ್ಡು ಕೊಟ್ಟು ನಿಲ್ಲಿಸಿದ್ದಾರೆ. ಈ ಭಯವನ್ನು ನಾವು ತಳ್ಳಿಹಾಕುವುದಿಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿಯವರು ಆರ್. ಧ್ರುವನಾರಾಯಣ ಅವರೆದುರು ಸೋತದ್ದು ಒಂದೇ ಒಂದು ಮತದಿಂದ. 2023ರಲ್ಲಿ ನಮ್ಮ ಬೆಂಗಳೂರಿನ ಜಯನಗರದಲ್ಲಿ ಅಂತರ 16 ಮತ. ಕಾಸರಗೋಡಿನ ಕನ್ನಡ ನೆಲವಾದ ಮಂಜೇಶ್ವರದಲ್ಲಿ 2016ರಲ್ಲಿ ಪಿ.ಬಿ. ಅಬ್ದುಲ್ ರಝಾಕ್ ಅವರು 89 ಮತಗಳಿಂದ ಗೆದ್ದರು. ಸೋತವರ ಹೆಸರನ್ನೇ ಹೋಲುವ ಹೆಸರಿನ ಪಕ್ಷೇತರರೊಬ್ಬರಿಗೆ ಅಲ್ಲಿ 467 ಮತ ಬಿದ್ದಿತ್ತು. ಕೇರಳದ ಆಲಪ್ಪುಳದಲ್ಲಿ 2004ರಲ್ಲಿ ವಿ.ಎಂ. ಸುಧೀರನ್ ಅವರು 1,009 ಮತಗಳಿಂದ ಸೋತರು, ಸುಧೀರನ್ ಹೆಸರಿನ ಇನ್ನೊಬ್ಬರು 8 ಸಾವಿರಕ್ಕೂ ಹೆಚ್ಚು ಮತ ಪಡೆದಿದ್ದರು. ಒಂದೇ ಹೆಸರಿನವರನ್ನು ಹುಡುಕಿ ತಂದು ನಿಲ್ಲಿಸುವುದು ದೇಶದ ಹಲವೆಡೆ ನಡೆದಿರುವ ಮೋಸ. ಮತವೆಂಬುದು ಶಹಾದತ್, ಸಾಕ್ಷ್ಯ ಎಂದು ಉಲಮಾಗಳು ಹೇಳುತ್ತ ಬಂದಿದ್ದಾರೆ. ಸಾಕ್ಷಿಯನ್ನು ಗೊಂದಲಕ್ಕೆ ಕೆಡವಲು ಹೆಸರು ಬಾಡಿಗೆಗೆ ಕೊಡುವವನನ್ನು ನಾವು ಸಮರ್ಥಿಸುವುದಿಲ್ಲ.

ಆದರೆ ಎಲ್ಲರನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. 2015ರ ಪಾಲಿಕೆ ಚುನಾವಣೆಯಲ್ಲಿ ನಮ್ಮ ಮೊಹಲ್ಲಾದ ಪಂಕ್ಚರ್ ಅಂಗಡಿಯ ಭಾಯ್ ಒಬ್ಬರು ನಿಂತಿದ್ದರು. ಅವರ ಕರಪತ್ರದಲ್ಲಿ ಇದ್ದದ್ದು ಎರಡೇ ವಿಷಯ. ವಾರಕ್ಕೊಮ್ಮೆ ಬರುವ ಕಾವೇರಿ ನೀರಿನ ವೇಳೆ ಹೇಳಬೇಕು, ಮಳೆ ಬಂದರೆ ರಾಜಕಾಲುವೆಯ ನೀರು ಕೆಳಗಿನ ಮನೆಗಳಿಗೆ ನುಗ್ಗದಂತೆ ಗೋಡೆ ಕಟ್ಟಬೇಕು. ಗೇಟಿನ ಬಳಿ ಹಿರಿಯರೊಬ್ಬರು ಅವರನ್ನು ತಡೆದು, “ಏನ್ ಭಾಯ್, ವೋಟು ಒಡೆಯೋಕೆ ಎಷ್ಟು ತಗೊಂಡೆ?” ಎಂದು ಎಲ್ಲರೆದುರು ಕೇಳಿದರು. ಅವರು ಜೇಬಿನಿಂದ ಠೇವಣಿಯ ರಸೀದಿ ತೆಗೆದು ತೋರಿಸಿ, “ಚಾಚಾ, ಇದನ್ನು ಹೆಂಡತಿಯ ಚೀಟಿ ದುಡ್ಡಲ್ಲಿ ಕಟ್ಟಿದ್ದು” ಎಂದರು. ಇನ್ನೂರರೊಳಗೆ ಮತ ಬಂತು. ಮೂರು ತಿಂಗಳು ಅಂಗಡಿಗೆ ಬಂದವರೆಲ್ಲ ಅವರನ್ನು ಕಾರ್ಪೊರೇಟರ್ ಸಾಹೇಬರು ಎಂದು ಕರೆದು ನಗುತ್ತಿದ್ದರು. ಆ ವರ್ಷ ಗೆಲ್ಲಲು ನಿಂತವರ ಕರಪತ್ರಗಳಲ್ಲಿ ರಾಜಕಾಲುವೆಯ ಮಾತು ನಮಗೆ ಕಾಣಲಿಲ್ಲ, ಮುಂದಿನ ಮಳೆಗಾಲದಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಅದೇ.

ಇಂಥವರಿಗೆ ಸರಿಯಾದ ಕಣ ವಾರ್ಡ್. ಕಾಲ್ನಡಿಗೆಯಲ್ಲಿ ಸುತ್ತಬಹುದು, ಎಲ್ಲ ಮನೆಯ ಬಾಗಿಲು ತಟ್ಟಬಹುದು, ಫ್ಲೆಕ್ಸ್ ಇಲ್ಲದೆಯೂ ಮುಖ ಗೊತ್ತಿರುತ್ತದೆ. ಬೆಂಗಳೂರಿನಲ್ಲಿ ಆ ಕಣವೇ ಖಾಲಿ ಬಿದ್ದಿದೆ. 198 ವಾರ್ಡುಗಳ ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ವಾರ್ಡುಗಳ ಸಂಖ್ಯೆ ಬದಲಾಯಿತು, ಗಡಿ ಬದಲಾಯಿತು, ಮೀಸಲಾತಿಯ ಪಟ್ಟಿ ಕೋರ್ಟಿಗೆ ಹೋಯಿತು, ಬಿಬಿಎಂಪಿ ಎಂಬ ಹೆಸರೇ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರಿನ ಕೆಳಗೆ ಐದು ಪಾಲಿಕೆಗಳಾದವು. ನಮ್ಮ ಕಡೆಯದಕ್ಕೆ ಉತ್ತರ ಪಾಲಿಕೆ ಎಂದು ಹೆಸರು. ಐದು ವರ್ಷ ತುಂಬಿದ ಮೇಲೂ ಜನ ಆರಿಸಿದ ಕಾರ್ಪೊರೇಟರ್ ಇಲ್ಲದೆ ಅಧಿಕಾರಿಗಳೇ ನಗರ ನಡೆಸಿದರು. ದೊಡ್ಡ ಪಕ್ಷದವರಿಗೆ ಇದರಿಂದ ಅಷ್ಟೇನೂ ನಷ್ಟವಿಲ್ಲ, ಅವರಿಗೆ ವಿಧಾನಸೌಧವಿದೆ, ದೆಹಲಿಯಿದೆ. ಬಾಗಿಲು ತಟ್ಟಿಯೇ ಗುರುತು ಗಳಿಸಬೇಕಾದವನಿಗೆ ಬೇರೆ ಕಣವಿಲ್ಲ.

ಪಂಕ್ಚರ್ ಅಂಗಡಿಯ ಭಾಯ್ ತಮ್ಮ ಹಳೆಯ ಕರಪತ್ರದ ಕಟ್ಟನ್ನು ಅಂಗಡಿಯ ಅಟ್ಟದಲ್ಲಿ ಹಾಗೇ ಇಟ್ಟಿದ್ದಾರೆ. ವಾರ್ಡಿನ ನಂಬರ್ ಬದಲಾಗಿರುವುದರಿಂದ ಅದೊಂದನ್ನು ತಿದ್ದಿದರೆ ಸಾಕು, ಉಳಿದದ್ದು ಬದಲಿಸುವ ಅಗತ್ಯ ಬಂದಿಲ್ಲ ಎನ್ನುತ್ತಾರೆ. ಅಸರ್ ಮುಗಿಸಿ ಆ ದಾರಿಯಲ್ಲಿ ಹೋಗುವಾಗ ಟ್ಯೂಬಿನ ಮೇಲಿಂದ ತಲೆ ಎತ್ತಿ ಕೇಳುತ್ತಾರೆ: “ಹಜರತ್, ವಾರ್ಡ್ ಎಲೆಕ್ಷನ್ ಯಾವಾಗಂತೆ?”